ಸ್ಕೂಟರ್ ಸೀಟಿನ ಮೇಲೆ ಬೂದಿ

2017ರ ನವೆಂಬರ್ 27. ಬಾಲಿಯಲ್ಲಿ ನಮ್ಮ ಕೊನೆಯ ದಿನ, ರಾತ್ರಿಗೆ ವಿಮಾನ. ಬೆಳಗ್ಗೆ ಎದ್ದು ನೋಡಿದರೆ ಚಾಂದಿದಾಸದ ಹೋಂಸ್ಟೇ ಅಂಗಳದಲ್ಲಿದ್ದ ಸ್ಕೂಟರ್ ಸೀಟಿನ ಮೇಲೆ ತೆಳ್ಳಗೆ ಬೂದಿ. ಒಲೆ ಬೂದಿ ಥರ ಮೆತ್ತಗಿರುತ್ತೆ ಅಂತ ಬೆರಳಾಡಿಸಿದೆ. ರಂಗೋಲಿ ಪುಡಿ ಮುಟ್ಟಿದ ಹಾಗೆ ತರಿತರಿ. ಅದು ಸುಟ್ಟ ಬೂದಿಯಲ್ಲ, ಜ್ವಾಲಾಮುಖಿ ಉಗುಳಿದ, ಪುಡಿಯಾದ ಕಲ್ಲು ಮತ್ತು ಗಾಜು. ಜೆಟ್ ಎಂಜಿನ್ ಒಳಗೆ ಹೋದರೆ ಕರಗಿ ಅಂಟಿಕೊಂಡು ಎಂಜಿನ್ನನ್ನೇ ನಿಲ್ಲಿಸಬಹುದಂತೆ. ಅಷ್ಟೊತ್ತಿಗಾಗಲೇ ಏರ್‌ಪೋರ್ಟ್ ಮುಚ್ಚಿತ್ತು.

ಉತ್ತರಕ್ಕೆ ಗುನುಂಗ್ ಆಗುಂಗ್. 3,000 ಮೀಟರ್ ಮೀರಿದ ಬೆಟ್ಟ, ತಲೆಯ ಮೇಲೆ ಬೂದು ಬಣ್ಣದ ಹೊಗೆಯ ಗೋಪುರ. ನಾನು ಮಾತ್ರ ಬೆಟ್ಟ ನೋಡೋದು ಬಿಟ್ಟು ವಿಮಾನ ಕಂಪನಿಗೆ ಫೋನ್ ಹಚ್ಚಿ, ಮುಕ್ಕಾಲು ಗಂಟೆ ಅದೇ ಸಂಗೀತ ಕೇಳುತ್ತ ಕೂತಿದ್ದೆ. ರಜೆ ಮುಗಿದಿತ್ತು, ಮ್ಯಾನೇಜರ್‌ಗೆ ಏನು ಹೇಳೋದು?

ಮನೆಯ ಅಜ್ಜಿಗೆ ಇದ್ಯಾವುದರ ಗಡಿಬಿಡಿಯೂ ಇಲ್ಲ. ತೆಂಗಿನ ಗರಿಯ ಪುಟ್ಟ ತಟ್ಟೆಗಳಲ್ಲಿ ಹೂವು ಜೋಡಿಸುತ್ತಿದ್ದರು. ಬೂದಿ ಬಿದ್ದ ಹೂವನ್ನು ಒಂದೊಂದಾಗಿ ಊದಿ, ಹೋಗದಿದ್ದರೆ ಪಕ್ಕಕ್ಕಿಡೋದು. ಮೊಮ್ಮಗ ಅವರ ಮಾತನ್ನು ಇಂಗ್ಲಿಷಿಗೆ ತಂದು ಹೇಳಿದ. 1963ರಲ್ಲಿ ಅವರಿಗೆ ಹತ್ತು ವರ್ಷ. ಬೆಟ್ಟದ ಬುಡದ ಬೆಸಾಕಿಹ್ ದೇವಸ್ಥಾನದಲ್ಲಿ ನೂರು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಪೂಜೆ. ಅದು ನಡೆಯುವಾಗಲೇ ಬೆಟ್ಟ ಸಿಡಿಯಿತು. ಸಾವಿರಕ್ಕೂ ಜಾಸ್ತಿ ಜನ ಹೋದರು, ದೇವಸ್ಥಾನ ಮಾತ್ರ ಉಳಿಯಿತು. ಅಪ್ಪನ ಹೆಗಲ ಮೇಲೆ ಕೂತು ಸಮುದ್ರದ ಕಡೆ ಓಡಿ ಬಂದಿದ್ದರಂತೆ.

ಪೂಜೆಯ ಹೆಸರೇನು ಅಂದೆ. 'ಏಕ ದಶ ರುದ್ರ' ಅಂದರು ಅಜ್ಜಿ.

ನಾನು ಫೋನ್ ಕೆಳಗಿಟ್ಟೆ. ನಮ್ಮ ಮನೇಲಿ ಅಪ್ಪ ಶ್ರಾವಣದಲ್ಲಿ ಮಾಡಿಸೋ ಏಕಾದಶ ರುದ್ರ! ಪದ್ಧತಿ ಬೇರೆನೇ, ಇವರದು ಹನ್ನೊಂದು ದಿಕ್ಕುಗಳ ರುದ್ರರನ್ನು ಸಮಾಧಾನ ಮಾಡೋ ಪೂಜೆ. ಆದರೂ ಆ ಹೆಸರು, ಆ ಬಾಯಲ್ಲಿ, ಆ ಹೊಗೆಯ ಕೆಳಗೆ! ಕೂಡಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ವಿಷಯ ಹೇಳಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ರುದ್ರ ಹೇಳೋಕೆ ಶುರು ಮಾಡಿದರು. ಅಜ್ಜಿ ಕೈಯಲ್ಲಿದ್ದ ಹೂವನ್ನು ಹಾಗೇ ಹಿಡಿದು ಕೇಳಿದರು. ನಾಲ್ಕು ಸಾಲು ಆಗಿತ್ತೋ ಇಲ್ಲವೋ, ಅಪ್ಪ ನಿಲ್ಲಿಸಿ ಕೇಳಿದರು, "ಅದಿರ್ಲಿ, ಟಿಕೆಟ್ ದುಡ್ಡು ವಾಪಸ್ ಕೊಡ್ತಾರೇನೋ?"

ಏರ್‌ಪೋರ್ಟ್ 29ಕ್ಕೆ ತೆರೆಯಿತು. ದುಡ್ಡು ಬರೋಕೆ ಮೂರು ತಿಂಗಳು ಹಿಡಿಯಿತು.