ನಾಗರಾ ನದಿಗೆ ಅಯು ಹಿಡಿಯಲು ಹೊರಟವರಿಗೆ

ಅಯು ಎಂಬ ಹೊಳೆಮೀನು ಹಿಡಿಯಲು ಮುಂಬೈಯಿಂದ ಜಪಾನಿನ ಗಿಫು ಪ್ರಾಂತ್ಯದ ನಾಗರಾ ನದಿಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲು ತಿಂಗಳು ನೋಡಿಕೊಳ್ಳಿ. ಜೂನ್ 1ಕ್ಕೆ ನಮ್ಮ ಕಡಲಲ್ಲಿ ಮಳೆಗಾಲದ ನಿಷೇಧ ಶುರುವಾಗಿ ದೋಣಿಗಳು ದಡ ಸೇರುವ ಹೊತ್ತಿಗೆ ಅಲ್ಲಿ ಅಯು ಹಿಡಿಯುವ ಕಾಲ ಬರುತ್ತದೆ. ಆದರೆ ಜುಲೈ ಮಧ್ಯದವರೆಗೂ ಅಲ್ಲೂ ಮಳೆಯೇ. ಹೊಸಬರಿಗೆ ಜುಲೈ ಕೊನೆ, ಆಗಸ್ಟ್ ಒಳ್ಳೆಯದು. ನಾಗರಾ ದಡದ ಊರು ಗುಜೊ-ಹಚಿಮಾನ್‌ನಲ್ಲಿ ಆಗಸ್ಟ್ 13ರಿಂದ 16ರವರೆಗೆ ರಾತ್ರಿಯಿಡೀ ಕುಣಿತದ ಹಬ್ಬ. ಆಗ ರೂಮು ಸಿಗುವುದು ಬಹಳ ಕಷ್ಟ.

ಅಯು ತಿನ್ನುವುದು ಕಲ್ಲಿನ ಮೇಲಿನ ಪಾಚಿ. ನೆರೆ ಬಂದರೆ ಪಾಚಿ ಕೊಚ್ಚಿಹೋಗುತ್ತದೆ. ನೀರು ತಿಳಿಯಾದ ಮೇಲೂ ಹೊಸದು ಕಟ್ಟಲು ಕೆಲವು ದಿನ ಬೇಕು. ಹಾಗಾಗಿ ಎರಡೇ ದಿನದ ಲೆಕ್ಕ ಇಟ್ಟುಕೊಂಡು ಅಷ್ಟು ದೂರ ಹೋಗಬೇಡಿ. ಐದು ದಿನವಾದರೂ ಇರಲಿ.

ನಗೋಯಾದಿಂದ ಗಿಫು ರೈಲಿನಲ್ಲಿ ಸುಮಾರು 20 ನಿಮಿಷ. ಮುಂದೆ ಮಿನೊ-ಓಟಾದಲ್ಲಿ ರೈಲು ಬದಲಿಸಿದರೆ ಗುಜೊ-ಹಚಿಮಾನ್. ವೀಸಾ ಮೊದಲೇ ಮಾಡಿಸಿಕೊಳ್ಳಿ.

ಎರೆಹುಳ ಇಲ್ಲಿ ಕೆಲಸಕ್ಕೆ ಬಾರದು. ಪಾಚಿ ಇರುವ ಸುಮಾರು ಒಂದು ಚದರ ಮೀಟರ್ ಜಾಗವನ್ನು ಅಯು ತನ್ನದೆಂದು ಕಾಯುತ್ತದೆ, ಇನ್ನೊಂದು ಅಯು ಬಂದರೆ ಮೈಮೇಲೆ ಬೀಳುತ್ತದೆ. ಆ ಸಿಟ್ಟೇ ಇಲ್ಲಿ ಎರೆ. ಜೀವಂತ ಅಯುವಿನ ಮೂಗಿಗೆ ಸಣ್ಣ ಬಳೆ ಹಾಕಿ, ಹೊಟ್ಟೆಯ ಹಿಂಭಾಗದ ರೆಕ್ಕೆಯ ಬಳಿ ಪುಟ್ಟ ಮುಳ್ಳಿನಿಂದ ದಾರ ಹಿಡಿಸಿ, ಬಾಲದಾಚೆ ಅಂದಾಜು ಮೂರು ಬೆರಳಗಲ ಬಿಟ್ಟು ಮೂರು ನಾಲ್ಕು ಮೊನೆಯ ಗಾಳ ಕಟ್ಟುತ್ತಾರೆ. ಓಡಿಸಲು ಬಂದ ಮೀನಿನ ಮೈಗೆ ಗಾಳ ಚುಚ್ಚಿಕೊಳ್ಳುತ್ತದೆ. ದಾರ ಉದ್ದವಾದರೆ ಗಾಳ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ನಿಮ್ಮ ಮೀನಿಗೇ ಚುಚ್ಚುತ್ತದೆ.

ಕೋಲು ಸುಮಾರು 9 ಮೀಟರ್, ರೀಲ್ ಇಲ್ಲ. ಕೊಳ್ಳಲು ಬಹಳ ದುಬಾರಿ. ಬಿಡಿಮೀನು, ಅಂದರೆ ಹೀಗೆ ಗಾಳ ಕಟ್ಟಿ ನೀರಿಗೆ ಬಿಡುವ ಜೀವಂತ ಅಯು, ಮಾರುವ ಕೆಲವು ಅಂಗಡಿಗಳಲ್ಲಿ ಕೋಲು, ಬಲೆ, ಫೆಲ್ಟ್ ಅಡಿಯ ಬೂಟು ಬಾಡಿಗೆಗೆ ಸಿಗುತ್ತವೆ, ಮೊದಲೇ ಹೇಳಿಡಬೇಕು. ಕಾರ್ಬನ್ ಕೋಲಿನಲ್ಲಿ ಕರೆಂಟು ಹರಿಯುತ್ತದೆ: ತಲೆಯ ಮೇಲೆ ವಿದ್ಯುತ್ ತಂತಿ ಇದ್ದರೆ ಎತ್ತಬೇಡಿ, ಗುಡುಗು ಕೇಳಿದರೆ ದಡಕ್ಕೆ ಬನ್ನಿ. ಆ ಹೊಳೆಯ ಮೀನುಗಾರರ ಸಂಘದ ದಿನದ ಪರವಾನಗಿಯನ್ನು ನೀರಿಗಿಳಿಯುವ ಮೊದಲೇ ಕೊಳ್ಳಿ. ದಡದಲ್ಲಿ ಕಾವಲುಗಾರನಿಂದ ಪಡೆದರೆ ಸಾಮಾನ್ಯವಾಗಿ ಹೆಚ್ಚು ಹಣ.

ಬಿಡಿಮೀನು ಕನಿಷ್ಠ ಎರಡು ತೆಗೆದುಕೊಳ್ಳಿ. ಒಂದಕ್ಕೆ ಸಾಮಾನ್ಯವಾಗಿ 500 ಯೆನ್ ಆಸುಪಾಸು. ಒಣಗಿದ ಬಿಸಿ ಕೈಯಲ್ಲಿ ಅದನ್ನು ಹಿಡಿಯಬಾರದು: ಕೈ ನೀರಲ್ಲಿ ತಣ್ಣಗಾಗಲಿ, ಬಳೆ ಹಾಕುವಾಗಲೂ ಮೀನು ನೀರಲ್ಲೇ ಇರಲಿ. ಹೊಸಬರು ಕೋಲು ಎಳೆದೆಳೆದು ಮೀನನ್ನು ಮೇಲೆ ತೇಲಿಸಿಬಿಡುತ್ತಾರೆ. ಸುಸ್ತಾದ ಮೀನು ತಳಕ್ಕಿಳಿಯದು, ತಳಕ್ಕಿಳಿಯದಿದ್ದರೆ ಜಗಳವೂ ಇಲ್ಲ. ದಾರ ಸ್ವಲ್ಪ ಸಡಿಲಿಸಿ, ಅದು ತಾನಾಗಿ ಈಜಲಿ. ಒಂದು ಹೊಸ ಮೀನು ಸಿಕ್ಕ ಕೂಡಲೇ ಅದನ್ನೇ ಕಟ್ಟಿ, ಹಳೆಯದಕ್ಕೆ ವಿಶ್ರಾಂತಿ ಕೊಡಿ. ಕೆಲಸ ಸಲೀಸಾಗುವುದು ಆಮೇಲೆಯೇ.

ಜಾಗ ಹುಡುಕಲು ಪೋಲರಾಯ್ಡ್ ಕನ್ನಡಕ ಹಾಕಿ ಕಲ್ಲು ನೋಡಿ. ಬಿದಿರೆಲೆಯಾಕಾರದ ಕೆರೆತದ ಗುರುತಿದ್ದರೆ ಅಯು ಮೇದಿದೆ. ಮಣ್ಣು ಕೂತು ಮಂಕಾದ ಕಲ್ಲು ಬಿಡಿ, ಹೊಳೆಯುವ ಕಲ್ಲಿನ ಬಳಿ ನಿಲ್ಲಿ.

ಅಡುಗೆಗೆ ಇಟ್ಟುಕೊಳ್ಳುವ ಮೀನನ್ನು ಕೂಡಲೇ ಐಸ್ ನೀರಿಗೆ ಹಾಕಿ. ಹೊಟ್ಟೆ ಸೀಳದೆ ಉಪ್ಪು ಸವರಿ ಕೆಂಡದಲ್ಲಿ ನಿಧಾನ ಸುಡಬೇಕು. ಕರುಳಿನ ಕಹಿಯೂ ರುಚಿಯ ಭಾಗ. ನಮ್ಮ ಮೀನಿನ ಮಸಾಲೆ ಹಚ್ಚಿದರೆ ಸೌತೆಕಾಯಿಯಂಥ ಅದರ ಪರಿಮಳ ಮುಚ್ಚಿಹೋಗುತ್ತದೆ.