ಬಾಣದ ಗುರುತಿಲ್ಲದ ನೆಲ: ಜಾರ್ಜಿಯಾದ ಗುಹೆಗಳ ಕಡೆಗೊಂದು ಸುತ್ತು

ಜಾರ್ಜಿಯಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಹಿಮ ನೋಡೋಕೆ, ವೈನ್ ಕುಡಿಯೋಕೆ ಹೋಗುತ್ತಾರೆ. ಭಾವ ಹೊರಟಿದ್ದೂ ಅದಕ್ಕೇ. ನನ್ನ ಪಟ್ಟಿಯಲ್ಲಿ ಇದ್ದದ್ದು ಬುರುಡೆ, ಹಲ್ಲು, ಗುಹೆ. "ದುಡ್ಡು ಕೊಟ್ಟು ವೀಸಾ ಮಾಡಿಸ್ಕೊಂಡು ಬುರುಡೆ ನೋಡೋಕೆ ಹೊರಟಿದ್ದೀಯಲ್ಲೋ ಮಾರಾಯ" ಎಂದು ಅವರು ವಿಮಾನದಲ್ಲೂ ಬಿಡಲಿಲ್ಲ. ಕೊನೆಗೆ ರಾಜಿ ಆಯಿತು. ಮೊದಲು ನನ್ನ ಜಾಗಗಳು, ಆಮೇಲೆ ಅವರ ಬೆಟ್ಟ.

ಮನುಷ್ಯರ ವಲಸೆಯ ನಕ್ಷೆಗಳನ್ನು ನೀವೂ ನೋಡಿರುತ್ತೀರಿ. ಆಫ್ರಿಕಾದಿಂದ ಒಂದು ದಪ್ಪ ಬಾಣ, ಅದು ಕವಲೊಡೆದು ಯುರೋಪಿಗೊಂದು, ಏಷ್ಯಾಕ್ಕೊಂದು. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡಿರುವ ಈ ಕಾಕಸಸ್ ನಾಡಿನ ಮೇಲೆ ಆ ಬಾಣಗಳು ಎಷ್ಟು ಬಿದ್ದಿರುತ್ತವೆ ಎಂದರೆ ಅಡಿಯ ನೆಲವೇ ಕಾಣಿಸುವುದಿಲ್ಲ. ನನಗೆ ಆ ಬಾಣಗಳ ಮೇಲೆ ಮೊದಲಿಂದಲೂ ಸ್ವಲ್ಪ ಸಿಟ್ಟು. ಯಾರೋ ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಹೊರಟು ಸಂಜೆಗೆ ನೆಂಟರ ಮನೆ ಸೇರಿದ ಹಾಗೆ ತೋರಿಸುತ್ತವೆ. ನಡುವೆ ಸಾವಿರಾರು ವರ್ಷ ಒಂದೇ ಕಣಿವೆಯಲ್ಲಿ ಕೂತವರ ಲೆಕ್ಕ ಎಲ್ಲಿ?

ರಾಜಧಾನಿ ತ್ಬಿಲಿಸಿಯ ರುಸ್ತವೇಲಿ ರಸ್ತೆಯಲ್ಲಿರುವ ರಾಷ್ಟ್ರೀಯ ಮ್ಯೂಸಿಯಂನಿಂದ ಶುರು ಮಾಡಿದೆವು. ದ್ಮಾನಿಸಿ ಎನ್ನುವ ಊರಿನ ಬಳಿ ಅಗೆದು ತೆಗೆದ ಬುರುಡೆಗಳು ಇಲ್ಲಿವೆ. ವಯಸ್ಸು ಸುಮಾರು 18 ಲಕ್ಷ ವರ್ಷ. ಆಫ್ರಿಕಾದಿಂದ ಹೊರಗೆ ಸಿಕ್ಕಿರುವ ಮನುಷ್ಯ ಜಾತಿಯ ಬುರುಡೆಗಳಲ್ಲಿ ಇಷ್ಟು ಹಳೆಯವು, ಇಷ್ಟು ಚೆನ್ನಾಗಿ ಉಳಿದವು ಬೇರೆ ಇಲ್ಲ. 2005ರಲ್ಲಿ ಸಿಕ್ಕ ಐದನೇ ಬುರುಡೆಯನ್ನು ನೋಡಿ ಭಾವನೂ ಸುಮ್ಮನಾದರು. ಮುಖ ಉದ್ದ, ದವಡೆ ದೊಡ್ಡದು, ಮಿದುಳಿನ ಜಾಗ ಮಾತ್ರ ಬರೀ 546 ಘನ ಸೆಂಟಿಮೀಟರ್. ನಮ್ಮದು ಸುಮಾರು 1350. ದೊಡ್ಡ ಮಿದುಳು ಬಂದ ಮೇಲೆಯೇ ಮನುಷ್ಯ ಆಫ್ರಿಕಾ ಬಿಟ್ಟ ಎಂದು ಎಲ್ಲರೂ ನಂಬಿದ್ದ ಕಾಲವೊಂದಿತ್ತು. ಆ ಮಾತಿಗೆ ಇವರು ಇಲ್ಲಿ ಮಣ್ಣು ಹಾಕಿದ್ದಾರೆ.

ಅದಕ್ಕಿಂತ ಜಾಸ್ತಿ ಹೊತ್ತು ನಾನು ನಿಂತಿದ್ದು ಹಲ್ಲಿಲ್ಲದ ಮುದುಕನ ಮುಂದೆ. ಒಂದನ್ನು ಬಿಟ್ಟು ಎಲ್ಲ ಹಲ್ಲೂ ಬಿದ್ದಿವೆ. ಬಿದ್ದ ಜಾಗದ ಮೂಳೆ ತುಂಬಿಕೊಂಡಿದೆ, ಅಂದರೆ ಹಲ್ಲು ಹೋದ ಮೇಲೂ ಆತ ವರ್ಷಗಟ್ಟಲೆ ಬದುಕಿದ್ದ. ಬೇರೆಯವರು ಜಜ್ಜಿ ತಿನ್ನಿಸಿದರಾ, ತಾನೇ ಮೆದು ಆಹಾರ ಹುಡುಕಿಕೊಂಡನಾ ಎಂದು ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಾರೆ. ನನಗಂತೂ ಜಜ್ಜಿ ಕೊಟ್ಟರು ಎನ್ನುವ ಕಡೆಗೇ ಒಲವು.

ಮಾರನೇ ದಿನ ದ್ಮಾನಿಸಿಗೆ. ತ್ಬಿಲಿಸಿಯಿಂದ ಸುಮಾರು 90 ಕಿಲೋಮೀಟರ್, ನೈಋತ್ಯಕ್ಕೆ. ಡ್ರೈವರ್‌ಗೆ ಜಾರ್ಜಿಯನ್, ರಷ್ಯನ್ ಬಿಟ್ಟರೆ ಬೇರೆ ಭಾಷೆ ಬರದು, ಮಾತೆಲ್ಲ ಫೋನಿನ ಅನುವಾದದಲ್ಲೇ. ದಾರಿಯಲ್ಲಿ ಮಾರ್ನೆಉಲಿ ಬಯಲು ಬರುತ್ತದೆ. ಅಲ್ಲಿ ಅಗೆದು ತೆಗೆದ ಮಡಕೆ ಚೂರುಗಳಲ್ಲಿ ಕ್ರಿ.ಪೂ. 6000ದ ಸುಮಾರಿನ ದ್ರಾಕ್ಷಿ ವೈನಿನ ಗುರುತು ಸಿಕ್ಕಿದೆ, 2017ರಲ್ಲಿ ಪ್ರಕಟವಾಯಿತು. ಇದನ್ನು ಹೇಳಿದ್ದೇ ತಡ, ಭಾವನಿಗೆ ಪುರಾತತ್ವದ ಮೇಲೆ ಗೌರವ ಹುಟ್ಟಿತು.

ದ್ಮಾನಿಸಿ ಎರಡು ನದಿಗಳ ನಡುವಿನ ಎತ್ತರದ ಚಾಚು. ಮೇಲೆ ಮಧ್ಯಯುಗದ ಊರಿನ ಪಾಳು, ಹಳೇ ಚರ್ಚ್, ಹುಲ್ಲು, ಗಾಳಿ. ಆ ಊರಿನವರು ಮನೆಯೊಳಗೆ ಧಾನ್ಯ ತುಂಬಿಡಲು ಹಗೇವು ತೋಡಿದ್ದರು. 1983ರಲ್ಲಿ ಅಂಥ ಒಂದು ಗುಂಡಿಯಲ್ಲಿ ಘೇಂಡಾಮೃಗದ ಹಲ್ಲು ಸಿಕ್ಕಿತು. ಮಧ್ಯಯುಗದ ಊರಿನಲ್ಲಿ ಘೇಂಡಾಮೃಗ ಎಲ್ಲಿಂದ ಬರಬೇಕು? ಕೆಳಗೆ ಏನೋ ಇದೆ ಎಂದು ಗೊತ್ತಾಗಿದ್ದೇ ಹಾಗೆ. ಮರುವರ್ಷ ಕಲ್ಲಿನ ಉಪಕರಣ, 1991ರಲ್ಲಿ ಮೊದಲ ದವಡೆ. ಅಗೆದ ಜಾಗಕ್ಕೆ ಈಗ ಚಾವಣಿ ಹಾಕಿದ್ದಾರೆ. ತಳದಲ್ಲಿ ಕಪ್ಪು ಲಾವಾ ಕಲ್ಲು, ಅದರ ಮೇಲೆ ಜ್ವಾಲಾಮುಖಿ ಬೂದಿಯ ಪದರ, ಮೂಳೆಗಳು ಆ ಪದರದಲ್ಲಿ. ಲಾವಾ 18.5 ಲಕ್ಷ ವರ್ಷದ ಹಿಂದಿನದು ಎಂದು ಅಳೆದಿದ್ದಾರೆ, ಹಾಗಾಗಿ ಮೂಳೆಗಳ ಕಾಲವೂ ಹಿಡಿತಕ್ಕೆ ಸಿಕ್ಕಿತು.

ಇವರು ನಮ್ಮ ಅಜ್ಜಂದಿರಾ? ಹಾಗೆ ಹೇಳಲು ಆಧಾರ ಇಲ್ಲ. ಇಷ್ಟು ಹಳೇ ಮೂಳೆಯಲ್ಲಿ, ಅದೂ ಇಂಥ ಹವೆಯಲ್ಲಿ, ಡಿಎನ್‌ಎ ಉಳಿಯುವುದಿಲ್ಲ. ಇಲ್ಲೇ ಸಿಕ್ಕ ಘೇಂಡಾಮೃಗದ ಹಲ್ಲಿನ ಎನಾಮೆಲ್‌ನಿಂದ ಪ್ರೋಟೀನ್ ತೆಗೆದು 2019ರಲ್ಲಿ ಅದರ ವಂಶ ಗುರುತಿಸಿದ್ದಾರೆ, ಅದೇ ದೊಡ್ಡ ಸಂಗತಿ. ನಾನು ನಿಜವಾಗಿ ಹುಡುಕಿಕೊಂಡು ಬಂದಿದ್ದ ಜನ ಇದ್ದದ್ದು ಪಶ್ಚಿಮದಲ್ಲಿ, ಇಮೆರೆತಿ ಸೀಮೆಯ ಗುಹೆಗಳಲ್ಲಿ.

ಕುತೈಸಿ ಕಡೆಗೆ ಹೋಗುವ ಹೆದ್ದಾರಿ ಪೂರ್ತಿ ಸುರಂಗ, ಸೇತುವೆ. ರಿಕೋತಿ ಘಟ್ಟ ದಾಟಿದ ಮೇಲೆ ಬಣ್ಣವೇ ಬದಲಾಗುತ್ತದೆ. ಪೂರ್ವದಲ್ಲಿ ಒಣ ಗುಡ್ಡ, ಇಲ್ಲಿ ದಟ್ಟ ಹಸಿರು, ತೇವ. ಕಪ್ಪು ಸಮುದ್ರದ ಮೋಡಗಳು ಬಂದು ಬೆಟ್ಟಕ್ಕೆ ತಾಗಿ ಇಲ್ಲೇ ಸುರಿಯುತ್ತವೆ. ಉತ್ತರ ಯುರೋಪಿನ ಬಹುಪಾಲು ಮಂಜುಗಡ್ಡೆಯ ಅಡಿ ಇದ್ದ ಕಾಲದಲ್ಲೂ ಈ ಮೂಲೆ ಅಷ್ಟು ಕೊರೆಯಲಿಲ್ಲ. ಬೇರೆ ಕಡೆ ಸತ್ತುಹೋದ ಮರಗಿಡಗಳು ಇಲ್ಲಿ ಬದುಕಿ ಉಳಿದವು. ಮನುಷ್ಯರೂ ಉಳಿದರು.

ತ್ಸ್ಕಾಲ್ತುಬೋ ಹತ್ತಿರದ ಕುಮಿಸ್ತಾವಿಯಲ್ಲಿ ಪ್ರವಾಸಿಗರೆಲ್ಲ ಪ್ರಮೀಥಿಯಸ್ ಗುಹೆಗೆ ಸಾಲು ನಿಂತಿರುತ್ತಾರೆ. ಒಳಗೆ ಬಣ್ಣದ ದೀಪ, ಸಂಗೀತ. ಚೆನ್ನಾಗಿದೆ, ನೋಡಿ. ಅದೇ ಸೀಮೆಯಲ್ಲಿ ಸತ್ಸುರ್ಬ್ಲಿಯಾ ಎನ್ನುವ ಇನ್ನೊಂದು ಗುಹೆ ಇದೆ. ಅದಕ್ಕೆ ದೀಪ ಇಲ್ಲ, ಸಂಗೀತ ಇಲ್ಲ. ನಾವು ಒಳಗೆ ಹೋಗಲಿಲ್ಲ, ಕಾಡು ಮುಚ್ಚಿದ ಗುಡ್ಡವನ್ನು ರಸ್ತೆಯಿಂದಲೇ ನೋಡಿದೆವು. ಆದರೆ ಯುರೋಪ್ ಮತ್ತು ಏಷ್ಯಾದ ಜನರ ಬೆರಕೆಯ ಕಥೆಯಲ್ಲಿ ಈ ಗುಡ್ಡಕ್ಕೆ ದೊಡ್ಡ ಪಾತ್ರ ಇದೆ. ಇಲ್ಲಿ ಸಿಕ್ಕ ಸುಮಾರು 13,300 ವರ್ಷ ಹಿಂದಿನ ಮನುಷ್ಯನ ಮೂಳೆ, ಚಿಯಾತುರಾ ಕಡೆಯ ಕೋತಿಯಾಸ್ ಬಂಡೆಯಡಿಯಲ್ಲಿ ಸಿಕ್ಕ 9,700 ವರ್ಷ ಹಿಂದಿನವನ ಹಲ್ಲು, ಇವೆರಡರ ಡಿಎನ್‌ಎ ಓದಿ 2015ರಲ್ಲಿ ಪ್ರಕಟಿಸಿದರು. ಇವರಿಗೆ ಈಗ ಕಾಕಸಸ್ ಬೇಟೆಗಾರರು ಎಂದೇ ಹೆಸರು.

ಇವರ ಹಿರಿಯರು ಪಶ್ಚಿಮ ಯುರೋಪಿನ ಬೇಟೆಗಾರರಿಂದ ಬೇರೆಯಾಗಿದ್ದು ಸುಮಾರು 45,000 ವರ್ಷ ಹಿಂದೆ. ಅನಾತೋಲಿಯಾ (ಈಗಿನ ಟರ್ಕಿ) ಕಡೆಯಿಂದ ಯುರೋಪಿಗೆ ಬೇಸಾಯ ಒಯ್ದವರ ಹಿರಿಯರಿಂದ ಬೇರೆಯಾಗಿದ್ದು ಸುಮಾರು 25,000 ವರ್ಷ ಹಿಂದೆ, ಚಳಿ ಜೋರಾಗಿದ್ದ ಕಾಲದಲ್ಲಿ. ಆಮೇಲೆ ತಲೆಮಾರುಗಟ್ಟಲೆ ಹೊರಗಿನವರ ಜೊತೆ ಹೆಚ್ಚು ಬೆರೆಯದೆ ಇದ್ದರು. ಸತ್ಸುರ್ಬ್ಲಿಯಾದವನ ಡಿಎನ್‌ಎಯಲ್ಲಿ ಅದರ ಗುರುತು ಕಾಣುತ್ತದೆ. ತಂದೆಯಿಂದ ಬಂದದ್ದೂ ತಾಯಿಯಿಂದ ಬಂದದ್ದೂ ಒಂದೇ ಆಗಿರುವ ತುಂಡುಗಳು ಜಾಸ್ತಿ, ಅಂದರೆ ಸಣ್ಣ ಗುಂಪು, ಒಳಗೊಳಗೇ ಸಂಬಂಧ. 2021ರಲ್ಲಂತೂ ಅದೇ ಗುಹೆಯ ಬರೀ ಮಣ್ಣಿನಿಂದ, ಮೂಳೆಯೇ ಇಲ್ಲದೆ, 25,000 ವರ್ಷ ಹಿಂದಿನ ಮನುಷ್ಯರ ಡಿಎನ್‌ಎ ತೆಗೆದರು. ಜೊತೆಗೆ ತೋಳದ್ದೂ ಬೈಸನ್ ಎಂಬ ಕಾಡೆತ್ತಿನದ್ದೂ ಸಿಕ್ಕಿತು.

ಬಾಣದ ನಕ್ಷೆಯಲ್ಲಿ ಈ ಕಾಲಕ್ಕೆ ಜಾಗವೇ ಇಲ್ಲ. ಯಾರೂ ಎಲ್ಲಿಗೂ ಹೋಗಲಿಲ್ಲ ಎನ್ನುವುದನ್ನು ಬಾಣದಲ್ಲಿ ಹೇಗೆ ತೋರಿಸುವುದು, ಅಲ್ವಾ?

ಚಿಯಾತುರಾ ಮ್ಯಾಂಗನೀಸ್ ಗಣಿಯ ಊರು. ಆಳ ಕಣಿವೆ, ಎರಡೂ ಕಡೆ ಬಂಡೆ, ತಲೆಯ ಮೇಲೆ ಕೇಬಲ್ ಕಾರ್. ಸೋವಿಯತ್ ಕಾಲದ ತುಕ್ಕು ಹಿಡಿದ ಡಬ್ಬಿಗಳನ್ನು ನಿಲ್ಲಿಸಿ 2021ರಲ್ಲಿ ಹೊಸ ಮಾರ್ಗಗಳನ್ನು ಶುರು ಮಾಡಿದ್ದಾರೆ. ಮೇಲಿಂದ ನೋಡಿದರೆ ಬಂಡೆಯ ತುಂಬ ಪೊಟರೆಗಳು. ಈ ಸೀಮೆಯ ದ್ಜುದ್ಜುವಾನಾ ಗುಹೆಯಲ್ಲಿ 30,000 ವರ್ಷಕ್ಕೂ ಹಳೆಯ ಅಗಸೆ ನಾರಿನ ಎಳೆಗಳು ಸಿಕ್ಕಿವೆ. ಕಾಡು ಅಗಸೆ, ಕೆಲವು ಎಳೆ ಹೊಸೆದದ್ದು, ಕೆಲವಕ್ಕೆ ಬಣ್ಣ ಹಾಕಿದ್ದು. ಬಣ್ಣ ಯಾಕೆ ಹಾಕಿದರು ಎಂದು ಯೋಚಿಸುತ್ತಾ ನಾನು ಕೇಬಲ್ ಕಾರ್ ಇಳಿಯುವುದನ್ನೇ ಮರೆಯುತ್ತಿದ್ದೆ. ಊಟಕ್ಕೆ ಲೋಬಿಯಾನಿ, ಹುರುಳಿಕಾಯಿ ಬೀಜದ ಹೂರಣ ತುಂಬಿದ ರೊಟ್ಟಿ. ಸಸ್ಯಾಹಾರಿಗಳಿಗೆ ಇದೇ ದೇವರು.

ಆಮೇಲೆ ಭಾವನ ಬೆಟ್ಟ. ತ್ಬಿಲಿಸಿಯಿಂದ ಉತ್ತರಕ್ಕೆ, ಸುಮಾರು 2,400 ಮೀಟರ್ ಎತ್ತರದ ಜ್ವಾರಿ ಕಣಿವೆದಾರಿ ಹತ್ತಿ ಸ್ತೆಪಾಂತ್ಸ್ಮಿಂದಾ. ಎದುರಿಗೆ 5,000 ಮೀಟರ್ ದಾಟಿದ ಕಜ್ಬೆಕ್ ಶಿಖರ. ಇನ್ನೊಂದಿಷ್ಟು ದೂರಕ್ಕೆ ರಷ್ಯಾ ಗಡಿ, ಲಾರಿಗಳ ಸಾಲೋ ಸಾಲು. ಈ ಗೋಡೆಯನ್ನು ನೋಡಿದರೆ ಹಳೇ ಕಾಲದವರು ಇತ್ತ ಇತ್ತಲೇ, ಅತ್ತ ಅತ್ತಲೇ ಉಳಿದಿರಬೇಕು ಅನ್ನಿಸುತ್ತದೆ. ಆದರೆ 2019ರ ಒಂದು ಅಧ್ಯಯನ ಬೇರೆ ಹೇಳಿತು. ಕಂಚಿನ ಯುಗದಲ್ಲಿ ಬೆಟ್ಟದ ಉತ್ತರದ ತಪ್ಪಲಿನವರೂ ದಕ್ಷಿಣದವರೂ ಡಿಎನ್‌ಎಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆ. ನಿಜವಾದ ಗೆರೆ ಇದ್ದದ್ದು ತಪ್ಪಲಿಗೂ ಅದರಾಚೆಯ ಹುಲ್ಲುಗಾವಲಿಗೂ ನಡುವೆ. ಇಷ್ಟೆತ್ತರದ ಬೆಟ್ಟವನ್ನು ದಾಟಿದವರು ಬಯಲಿನ ಅಂಚಿಗೆ ಬಂದು ನಿಂತರು. ಬದುಕುವ ರೀತಿ ಬೇರೆ ಇದ್ದರೆ ಬಯಲೂ ಗೋಡೆಯೇ.

ಹಾಗೆಂದು ಆ ಗೆರೆ ಎಂದೂ ಒಡೆಯಲಿಲ್ಲ ಎಂದಲ್ಲ. ಸುಮಾರು 5,000 ವರ್ಷ ಹಿಂದೆ ಈಗಿನ ಉಕ್ರೇನ್, ದಕ್ಷಿಣ ರಷ್ಯಾದ ಹುಲ್ಲುಗಾವಲಿನಲ್ಲಿ ದನ ಕುರಿ ಮೇಯಿಸಿಕೊಂಡು ಬಂಡಿ ಹೂಡಿಕೊಂಡು ಬದುಕಿದ್ದ ಯಮ್ನಾಯಾ ಜನರ ಮೂಲದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಈ ಕಾಕಸಸ್ ಬೇಟೆಗಾರರಂಥವರದು. ಯಮ್ನಾಯಾದವರ ವಂಶದ ಪಾಲು ಆಮೇಲೆ ಯುರೋಪಿನ ಉದ್ದಕ್ಕೂ ಹರಡಿತು.

ತ್ಬಿಲಿಸಿಗೆ ವಾಪಸ್ ಬಂದಾಗ ವಿಜಯಪುರದ ಹುಡುಗನೊಬ್ಬ ಊಟಕ್ಕೆ ಜೊತೆಯಾದ. ಎಂಬಿಬಿಎಸ್ ಓದಲು ಬಂದ ಭಾರತದವರು ಇಲ್ಲಿ ಸಾವಿರಾರು ಜನ ಇದ್ದಾರೆ. ನನ್ನ ಪುರಾಣವೆಲ್ಲ ಕೇಳಿ, "ಹಂಗಾದ್ರ ನಮ್ಮ ಮೂಲ ಎಲ್ಲೈತ್ರೀ ಸರ?" ಅಂದ.

ಒಂದು ಕಡೆ ಇಲ್ಲ ಎಂದೆ. 2019ರಲ್ಲಿ 523 ಹಳೇ ಮನುಷ್ಯರ ಡಿಎನ್‌ಎ ಇಟ್ಟುಕೊಂಡು ಮಾಡಿದ ಕೆಲಸದ ಪ್ರಕಾರ ನಮ್ಮಲ್ಲಿ ಮೂರು ದೊಡ್ಡ ಹೊಳೆ ಸೇರಿವೆ. ಭಾರತದಲ್ಲೇ ಬಹಳ ಹಿಂದಿನಿಂದ ಇದ್ದ ಬೇಟೆಗಾರರದು ಒಂದು. ಇರಾನಿನ ಹಳೇ ಜನರಿಗೆ ಹತ್ತಿರದವರದು ಇನ್ನೊಂದು. ಮೂರನೆಯದು ಹುಲ್ಲುಗಾವಲಿನ ಕಡೆಯದು, ಅದು ಬಂದದ್ದು ಕ್ರಿ.ಪೂ. 2000ದಿಂದ 1500ರ ನಡುವೆ. ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ, ಸಿಂಧೂ ನಾಗರಿಕತೆಯ ಕಾಲದ ಹೆಂಗಸಿನ ಡಿಎನ್‌ಎಯಲ್ಲಿ ಮೊದಲ ಎರಡು ಇವೆ, ಮೂರನೆಯದು ಇಲ್ಲ. ಕನ್ನಡಿಗರಲ್ಲಿ ಪ್ರಮಾಣ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಇರಾನಿನ ಆ ಹಳಬರಿಗೂ ಕಾಕಸಸ್ ಬೇಟೆಗಾರರಿಗೂ ದೂರದ ದಾಯಾದಿ ಸಂಬಂಧ. ಹುಲ್ಲುಗಾವಲಿನವರೊಳಗೂ ಕಾಕಸಸ್ ಪಾಲಿದೆ. ಹೀಗೆ ಸುತ್ತು ಬಳಸಿ ಆ ಗುಡ್ಡದ ಕಡೆಯ ಎಳೆ ವಿಜಯಪುರಕ್ಕೂ ಬಂದಿದೆ.

"ಅಂದ್ರ ಇವರು ನಮ್ಮ ಬೀಗರ್ರೀ?" ಅಂದ ಹುಡುಗ, ಪಕ್ಕದ ಮೇಜಿನವರನ್ನು ನೋಡುತ್ತಾ. ತಮಾಷೆ ಅಂದರೆ, ಆ ಪಕ್ಕದ ಮೇಜಿನವರು ಆಡುವ ಜಾರ್ಜಿಯನ್ ಭಾಷೆಗೂ ಹುಲ್ಲುಗಾವಲಿನ ಜನರಿಂದ ಹರಡಿದ ಇಂಡೋ-ಯುರೋಪಿಯನ್ ಕುಟುಂಬಕ್ಕೂ ಸಂಬಂಧ ಇಲ್ಲ. ಅವರದೇ ಬೇರೆ ಕುಟುಂಬ, ನಮ್ಮ ದ್ರಾವಿಡದ ಹಾಗೆಯೇ. ರಕ್ತ ಒಂದು ದಾರಿ ಹಿಡಿದರೆ ಮಾತು ಇನ್ನೊಂದು ದಾರಿ ಹಿಡಿಯಬಹುದು. ಉಗುಳು ಕಳಿಸಿದರೆ ನಿಮ್ಮ ಮೂಲ ಹೇಳುತ್ತೇವೆ ಎನ್ನುವ ಜಾಹೀರಾತುಗಳಲ್ಲಿ ಈ ಮಾತು ಬರುವುದಿಲ್ಲ.

ಹೋಗುವವರಿಗೆ ಎರಡು ಮಾತು. ಮ್ಯೂಸಿಯಂ, ದ್ಮಾನಿಸಿ ಎರಡಕ್ಕೂ ಸೋಮವಾರ ಹೋಗಬೇಡಿ, ರಜೆ. ಚಳಿಗಾಲವಾದರೆ ದ್ಮಾನಿಸಿ ತೆರೆದಿದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಇನ್ನು ಸತ್ಸುರ್ಬ್ಲಿಯಾ ಎಂದರೆ ಟ್ಯಾಕ್ಸಿಯವರು ತಲೆ ಕೆರೆದುಕೊಳ್ಳುತ್ತಾರೆ, ಸುಮ್ನೆ ಕುಮಿಸ್ತಾವಿ ಅನ್ನಿ.