ಶಿಫ್ಟ್ ಬದಲಿ: ವಾಪಸ್ ಮಾಡೋ ತಾರೀಖು ಬರೆದಿದ್ದೀರಾ?

"ಅಣ್ಣಾ, ನಾಳೆ ನನ್ನ ನೈಟ್ ನೀನು ಮಾಡು, ನಿನ್ನದು ಯಾವತ್ತಾದ್ರೂ ನಾನು ಮಾಡ್ತೀನಿ." ವಾಟ್ಸಾಪ್ ಗ್ರೂಪಿನಲ್ಲಿ ಇಂಥದೊಂದು ಮೆಸೇಜು, ಅದರ ಕೆಳಗೊಂದು ಹೆಬ್ಬೆರಳು. ಪೀಣ್ಯದ ಕಾರ್ಖಾನೆಯಿರಲಿ, ವೈಟ್‌ಫೀಲ್ಡಿನ ಕಾಲ್ ಸೆಂಟರ್ ಇರಲಿ, ಜಗಳ ಹುಟ್ಟೋದು ಆ 'ಯಾವತ್ತಾದ್ರೂ' ಅನ್ನೋದರಲ್ಲೇ. ಬದಲಿ ಕೇಳೋ ಚೀಟಿಯಲ್ಲಿ ಎರಡು ತಾರೀಖು ಇರಲೇಬೇಕು: ಬಿಟ್ಟುಕೊಡೋ ಶಿಫ್ಟಿನದು, ವಾಪಸ್ ಮಾಡೋ ಶಿಫ್ಟಿನದು. ಒಂದೇ ಇದ್ದರೆ ಅದು ಕೈಸಾಲ. ಸೂಪರ್‌ವೈಸರ್ ಸಹಿ ಹಾಕಬಾರದು.

ಎರಡೂ ತಾರೀಖು ಒಂದೇ ವಾರದೊಳಗೆ ಬಂದರೆ ಲೆಕ್ಕ ಸಲೀಸು. ಎಂಟು ಗಂಟೆಯ ಶಿಫ್ಟು, ಆರು ದಿನ, 48 ಗಂಟೆ. ಈ ವಾರ ಜೊತೆಯವನದೊಂದು ಸೇರಿಸಿಕೊಂಡು ಮುಂದಿನ ವಾರ ತನ್ನದೊಂದು ಬಿಟ್ಟರೆ, ಒಂದು ವಾರ 56, ಇನ್ನೊಂದು ವಾರ 40. ಸರಾಸರಿ ಸರಿಹೋಯ್ತಲ್ಲ ಅಂತೀರಿ. ಆದರೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿದೆ. 48 ದಾಟಿದ ಆ 8 ಗಂಟೆಗೆ ಎರಡು ಪಟ್ಟು ಓಟಿ (ಓವರ್‌ಟೈಮ್ ಕೂಲಿ) ಕೊಡಬೇಕು, ವೀಕ್ ಆಫ್ ಕೂಡ ಕೈತಪ್ಪಿರುತ್ತೆ.

ಇನ್ನು ಪಂಚಿಂಗ್, ಅಂದರೆ ಬರುವಾಗ ಹೋಗುವಾಗ ಹಾಜರಿಗೆ ಬೆರಳು ಒತ್ತೋದು. ತಲೆನೋವಿರೋದೇ ಇಲ್ಲಿ. 15ರಂದು ಎ ಶಿಫ್ಟ್ (ಬೆಳಿಗ್ಗೆ 6ರಿಂದ 2) ಇದ್ದವನು ಅದನ್ನು ಕೊಟ್ಟು, 14ರ ರಾತ್ರಿ 10ರ ಸಿ ಶಿಫ್ಟ್ ತಗೊಂಡ ಅನ್ನಿ. ಹಾಜರಿ ಸಾಫ್ಟ್‌ವೇರಿನಲ್ಲಿ ಅವನ ಹೆಸರಿನ ಮುಂದಿನ ಶಿಫ್ಟ್ ಕೋಡ್ ಬದಲಾಗದಿದ್ದರೆ, 15ರ ಬೆಳಿಗ್ಗೆ 6ಕ್ಕೆ ಅವನು ಹೊರಡುವಾಗ ಒತ್ತಿದ ಬೆರಳನ್ನು ಎ ಶಿಫ್ಟಿಗೆ ಒಳಬಂದ ಪಂಚ್ ಅಂತಲೇ ಅದು ಓದಬಹುದು. 14ಕ್ಕೆ ಔಟ್ ಪಂಚ್ ಇಲ್ಲ, 15ಕ್ಕೂ ಇಲ್ಲ. ಆ ಕಡೆ ಸಿ ಬಿಟ್ಟುಕೊಟ್ಟವನು 14ಕ್ಕೆ ಗೈರುಹಾಜರಿ. ನೈಟ್ ಅಲವೆನ್ಸ್ ಯಾರಿಗೂ ಬರಲ್ಲ. ಹಾಗಾಗಿ ಕೋಡ್ ಬದಲಾಗಬೇಕಾದ್ದು ಶಿಫ್ಟ್ ಶುರುವಾಗೋ ಮೊದಲು. ತಿಂಗಳ ಕೊನೆಗೆ ಎಚ್‌ಆರ್ ಮುಂದೆ ಕೂತು ತಿದ್ದಿಸೋದಲ್ಲ. 24 ಗಂಟೆ ಮುಂಚೆ ಚೀಟಿ ಕೊಡಬೇಕು ಅಂತ ಕೆಲವು ಕಡೆ ನಿಯಮ ಇರೋದು ಇದಕ್ಕೇ.

ನಿದ್ದೆಯನ್ನೂ ಲೆಕ್ಕಕ್ಕೆ ಹಿಡೀಬೇಕು. ರಾತ್ರಿ 10ಕ್ಕೆ ಬಿ ಶಿಫ್ಟ್ (ಮಧ್ಯಾಹ್ನ 2ರಿಂದ 10) ಮುಗಿಸಿ ಬೆಳಿಗ್ಗೆ 6ಕ್ಕೆ ಎ ಅಂದರೆ ಕಾಗದದ ಮೇಲೆ ಎಂಟು ಗಂಟೆ ಬಿಡುವು. ಮನೆ ಕೆಂಗೇರಿಯಲ್ಲಿ, ಕೆಲಸ ಪೀಣ್ಯದಲ್ಲಿ ಅಂದರೆ ಮಲಗೋಕೆ ಸಿಗೋದು ನಾಲ್ಕೋ ಐದೋ. ಹನ್ನೊಂದು ಗಂಟೆ ಅಂತರ ಇಲ್ಲದ ಬದಲಿಗೆ ಒಪ್ಪದಿರೋದೇ ಒಳ್ಳೇದು. ಭಾನುವಾರದ ಎ ಶಿಫ್ಟಿಗೆ ಒಪ್ಪೋ ಮುಂಚೆ ಮೆಟ್ರೊ ನೆನಪಿರಲಿ, ಅವತ್ತು ಮೊದಲ ರೈಲು ಬೆಳಿಗ್ಗೆ 7ಕ್ಕೆ. ಹೆಣ್ಣುಮಕ್ಕಳು ರಾತ್ರಿ ಶಿಫ್ಟಿಗೆ ಬದಲಾದರೆ ಟ್ರಾನ್ಸ್‌ಪೋರ್ಟ್ ಡೆಸ್ಕಿಗೆ ಅದೇ ಹೊತ್ತಿಗೆ ಹೇಳಬೇಕು. ಕ್ಯಾಬಿನ ರೂಟು ತಡವಾಗಿ ಬದಲಾದಾಗಲೇ ಕೊನೆಗೆ ಇಳಿಯೋ ಸರದಿ ಒಬ್ಬಂಟಿ ಹೆಣ್ಣುಮಗಳದ್ದಾಗೋದು.

ಸಮಾನ ಕೆಲಸದವರ ನಡುವೆ ಮಾತ್ರ ಬದಲಿ. ಬಾಯ್ಲರ್ ನೋಡುವವನ ಜಾಗಕ್ಕೆ ಸರ್ಟಿಫಿಕೇಟ್ ಇರೋ ಇನ್ನೊಬ್ಬನೇ ಬರಬೇಕು, ಹೆಲ್ಪರ್ ಅಲ್ಲ.

ಸಹಿ ಆದ ಮೇಲೆ ಶಿಫ್ಟು ಒಪ್ಪಿಕೊಂಡವನದ್ದು. ಅವನು ಬರದಿದ್ದರೆ ಗೈರುಹಾಜರಿ ಅವನಿಗೇ. ಅವನು ಅದನ್ನು ಮೂರನೆಯವನಿಗೆ ದಾಟಿಸುವಂತಿಲ್ಲ. ದಾಟಿಸಿದರೆ ಹುಡುಕೋದು ಯಾರನ್ನ?

ಕೆಲವು ಕಡೆ ತಿಂಗಳಿಗೆ ಎರಡೇ ಬದಲಿ ಅಂತ ಮಿತಿ ಹಾಕ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ಅದರ ಬದಲು ಚೀಟಿಗಳನ್ನು ಹರಡಿಕೊಂಡು, ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆ ವಾರಗಳಲ್ಲಿ ನೈಟ್ ಯಾರ ತಲೆಗೆ ಬಿದ್ದಿದೆ ನೋಡಿ. ಪ್ರತಿ ಸಲ ಅದೇ ಹೊಸ ಹುಡುಗನ ಹೆಸರಿದ್ದರೆ, ಮುಂದಿನ ಚೀಟಿಗೆ ಸಹಿ ಹಾಕೋ ಮೊದಲು ಅವನನ್ನು ಒಬ್ಬನೇ ಇದ್ದಾಗ ಕರೆದು ಕೇಳಿ.